ಹೋರಿ ಕೊರಳಿನ ಪದಕ

ಗುಡ್ಡವ್ವ ಅಪ್ಪನ ತಲೆಗೆ ರುಮಾಲು ಸುತ್ತುತ್ತಿದ್ದಳು. ಒಂದು ಸುತ್ತು ಬಿಗಿಯಾಗಿ, ಮುಂದಿನದು ಅದರ ಮೇಲೆ ಅರ್ಧಕ್ಕೆ, ಎಡಗಿವಿಯ ಹತ್ತಿರ ಒಂದು ಮಡಿಕೆ. ಪಲ್ಟನ್ನಿನಲ್ಲಿ ಕಲಿತ ಸುತ್ತು ಅದು. ಮೈಲಾರೆಪ್ಪನನ್ನು ಬಿಟ್ಟರೆ ಊರಲ್ಲಿ ಅದು ಬರುತ್ತಿದ್ದದ್ದು ಅವನ ಮಗಳೊಬ್ಬಳಿಗೇ. ಹೆಣಕ್ಕೆ ರುಮಾಲು ಸುತ್ತುವುದು ಗಂಡಸರ ಕೆಲಸ ಎಂದು ಹಿರಿಯರಿಬ್ಬರು ಗೊಣಗಿದ್ದರು. ಅವರು ಸುತ್ತಿದ್ದು ಎರಡು ಸಲ ಜಾರಿ ಸತ್ತವನ ಮೂಗಿನ ಮೇಲೆ ಬಂದು ಕೂತಿತು. ಆಮೇಲೆ ಗುಡ್ಡವ್ವ ಯಾರನ್ನೂ ಕೇಳದೆ ಅವರನ್ನು ಸರಿಸಿ ತಾನೇ ಕೈಹಾಕಿದಳು.

ಪಡಸಾಲೆಯ ಗೋಡೆಗೆ ಆನಿಸಿ ಮೈಲಾರೆಪ್ಪನನ್ನು ಕೂರಿಸಿದ್ದರು. ಹಣೆಯ ತುಂಬ ಭಂಡಾರ, ಕೊರಳಲ್ಲಿ ಸೇವಂತಿಗೆಯ ಹಾರ. ಮೂಲೆಯಲ್ಲಿ ಭಜನೆಯವರು ಹಾಡಿ ಹಾಡಿ ದಣಿದು ಚಹಾ ಕುಡಿಯುತ್ತಿದ್ದರು.

"ಲಗೂ ಮಾಡ ಗುಡ್ಡೀ, ಬಿಸಲೇರಾಕತ್ತೈತಿ. ಕುಣಿ ತಗದು ಕುಂತಾರ ಅಲ್ಲೆ," ಎಂದಳು ಸೋದರತ್ತೆ ಹೊಳಿಯವ್ವ. ಸತ್ತವನ ಒಬ್ಬಳೇ ತಂಗಿ ಅವಳು. ಬೆಳಗಿನಿಂದ ಅತ್ತು ಅತ್ತು ದನಿ ಕೂತುಹೋಗಿತ್ತು.

"ಇನ್ನೊಂಚೂರು ತಡೀರಿ," ಎನ್ನುತ್ತ ತಮ್ಮ ಡಾಕಪ್ಪ ಒಳಗೆ ಬಂದ. "ಚೇರಮನ್ನರು ಹೇಳಿ ಕಳಿಸ್ಯಾರ. ನಾ ಬರೂತನ ಎತ್ತಬ್ಯಾಡ್ರಿ ಅಂದಾರ. ಅಪ್ಪ ಸಿಪಾಯಿ ಆಗಿದ್ದಾವಲ್ಲ, ಮಿಲ್ಟ್ರಿ ಮರ್ಯಾದಿ ಮಾಡಿ ಕಳಸೋಣು ಅಂತ."

ಗುಡ್ಡವ್ವನ ಕೈ ನಿಂತಿತು. "ಪದಕ ಹಾಕ್ಕೊಂಡ ಬರತಾನೇನು?"

"ಕಾರ್ಯಕ್ರಮಕ್ಕ ಹೊಂಟಾಗೆಲ್ಲ ಹಾಕ್ಕೋತಾರ. ಅವರಪ್ಪಂದು, ಹಾಕ್ಕೋತಾರ."

"ಯಾರಪ್ಪಂದೋ?"

ಡಾಕಪ್ಪ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅಕ್ಕಾ, ಕೈಮುಗೀತೇನಿ. ಇವತ್ತ ಬ್ಯಾಡ. ರಾಣೇಬೆನ್ನೂರಾಗ ಬೀಜದ ಕಂಪನಿ ನೌಕರಿ ಅವರ ಮಾತಿನ ಮ್ಯಾಲ ಸಿಕ್ಕಿದ್ದು. ನಾಳೆ ನಾ ಅವರ ಮುಂದ ತಿರಗ್ಯಾಡಬೇಕು."

"ನೀ ತಿರಗ್ಯಾಡೋ ತಮ್ಮಾ. ಅಪ್ಪ ಇನ್ನ ತಿರಗ್ಯಾಡೂದಿಲ್ಲ." ಗುಡ್ಡವ್ವ ರುಮಾಲಿನ ತುದಿ ಒಳಗೆ ಸಿಗಿಸಿದಳು. "ನಾ ಇರೂತನ ಕೇಳಬ್ಯಾಡ ಅಂತ ಅಪ್ಪ ನನ್ನ ಬಾಯಿ ಕಟ್ಟಿದ್ದ. ಕಟ್ಟಿದಾವ ಹೋದ. ಆ ಪದಕ ಅಪ್ಪನ ಎದಿ ಮ್ಯಾಲ ಬರೂತನ ಯಾರೂ ಎತ್ತೂದಿಲ್ಲ, ಹೇಳು ಹೊರಗ."

*

ಎರಡು ವರ್ಷದ ಹಿಂದೆ ಊರ ಬಾಯಲ್ಲಿ ಸಿಮೆಂಟಿನ ಮಹಾದ್ವಾರವೊಂದು ಎದ್ದಿತ್ತು. ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ 'ವೀರಯೋಧ ದೊಡ್ಡಗೌಡರ ಸ್ಮಾರಕ ದ್ವಾರ' ಎಂದು ಬರೆಸಿದ್ದರು. ಬರೆಸಿದವನು ದೊಡ್ಡಗೌಡನ ಮಗ ಮಾಲತೇಶಪ್ಪ. ಮಂಡಳ ಪಂಚಾಯತಿಯ ಖುರ್ಚಿ ಬಿಟ್ಟರೂ ಊರು ಅವನನ್ನು ಚೇರಮನ್ ಎಂದೇ ಕರೆಯುತ್ತಿತ್ತು. ದೊಡ್ಡಗೌಡನಾದರೋ ಜೀವಮಾನದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದಾಚೆ ಹೋದವನಲ್ಲ. ಅವನು ಮಾಡಿದ ಯುದ್ಧವೆಂದರೆ ಅಣ್ಣತಮ್ಮಂದಿರ ಜೊತೆ ಬದುವಿಗಾಗಿ ಮಾಡಿದ್ದು ಒಂದೇ. ಆದರೂ ಅವನ ಫೋಟೋದ ಕೆಳಗೆ, ಗಾಜಿನ ಚೌಕಟ್ಟಿನಲ್ಲಿ, ರಾಜನ ತಲೆಯಿದ್ದ ಬೆಳ್ಳಿ ಪದಕವೊಂದು ತೂಗುತ್ತಿತ್ತು. ಆಗಸ್ಟ್ ಹದಿನೈದಕ್ಕೆ ಮಾಲತೇಶಪ್ಪ ಅದನ್ನು ಕರಿ ಕೋಟಿಗೆ ಸಿಗಿಸಿಕೊಂಡು ಶಾಲೆಗೆ ಬಂದು, ಎರಡನೇ ಮಹಾಯುದ್ಧವನ್ನು ತನ್ನಪ್ಪ ಹೇಗೆ ಗೆದ್ದ ಎಂದು ಮಕ್ಕಳಿಗೆ ಹೇಳುತ್ತಿದ್ದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಮುದುಕರಿಗೆ ಒಳಗೊಳಗೇ ಅನುಮಾನವಿತ್ತು. ಬಾಯಿ ಬಿಟ್ಟರೆ, ಅವನ ಕೈಯಲ್ಲೇ ಇದ್ದ ಸೊಸೈಟಿಯ ಗೊಬ್ಬರ ತಮ್ಮ ಪಾಳಿಗೆ ಬರುವಷ್ಟರಲ್ಲಿ ತೀರಿಹೋಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

ದ್ವಾರದ ಉದ್ಘಾಟನೆಗೆ ರಾಣೇಬೆನ್ನೂರಿನಿಂದ ಗುಡ್ಡವ್ವನೂ ಬಂದಿದ್ದಳು. ಅಲ್ಲಿ ಅವಳದು ಹೊಲಿಗೆ ಅಂಗಡಿ. ವೇದಿಕೆಯ ಕೆಳಗೆ ಜಮಖಾನೆಯ ಮೇಲೆ ಕೂತು ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನೋಡಿ, ಮನೆಗೆ ಬಂದ ಕೂಡಲೇ ಕೇಳಿದಳು.

"ಯಪ್ಪಾ, ನೀನೂ ಲಡಾಯಿಗೆ ಹೋಗಿದ್ದೆಲ್ಲ? ನಿನಗೇನೂ ಕೊಡಲಿಲ್ಲೇನು?"

"ಕೊಟ್ರಲ್ಲ, ಪಗಾರ," ಎಂದು ಮೈಲಾರೆಪ್ಪ ನಕ್ಕಿದ್ದ.

ಆ ನಗೆಯನ್ನು ಗುಡ್ಡವ್ವ ನಂಬಲಿಲ್ಲ. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತತೊಡಗಿದಳು. ಒಂದು ಕಚೇರಿಯಲ್ಲಿ, "ಆ ಸರ್ಕಾರಾನ ಹೋತು, ನೀವಿನ್ನೂ ಅದರ ಲಡಾಯಿ ಹಿಡಕೊಂಡ ಕುಂತೀರಲ್ಲ!" ಎಂದು ನಕ್ಕರು. ಇನ್ನೊಂದರಲ್ಲಿ, "ತೀರಿಕೊಂಡಾರೋ, ಅದಾರೋ? ಅದಾರ ಅಂದ್ರ ಅದಕ್ಕೊಂದು ಸರ್ಟಿಫಿಕೇಟ ತರ್ರಿ," ಎಂದರು. ಬದುಕಿದ್ದ ಅಪ್ಪನನ್ನೇ ಕರೆದುಕೊಂಡು ಹೋಗಿ ಮೇಜಿನ ಮುಂದೆ ನಿಲ್ಲಿಸಿದರೆ, ಮನುಷ್ಯ ಸರ್ಟಿಫಿಕೇಟ ಅಲ್ಲ ಎಂದರು! ಅಂಥವರಿಗೂ ತಿಂಗಳ ಮೊದಲ ದಿನ ಸಂಬಳ ಬರುತ್ತದೆ, ನೋಡಿ.

ಕೊನೆಗೆ ಬೆಳಗಾವಿಯಲ್ಲಿ ಪಲ್ಟನ್ನಿನವರೇ ಅವಳ ಮಾತು ಕೇಳಿದರು. ಮಕ್ಕಳು ಹುಟ್ಟಿದ ದಿನ ನೆನಪಿಲ್ಲದ ಮೈಲಾರೆಪ್ಪ ತನ್ನ ಸಿಪಾಯಿ ನಂಬರನ್ನು ಮಾತ್ರ ನಿದ್ದೆಯಲ್ಲೂ ಹೇಳುತ್ತಿದ್ದ. ಆ ನಂಬರು ಹಿಡಿದು ಹುಡುಕಿದ ಸುಬೇದಾರ, ಓದುತ್ತ ಓದುತ್ತ ಎದ್ದುನಿಂತು ಗುಡ್ಡವ್ವನಿಗೆ ತನ್ನ ಖುರ್ಚಿ ಕೊಟ್ಟ. ಇಟಲಿ ದೇಶದಲ್ಲಿ, ಗುಂಡಿನ ಮಳೆಯೊಳಗೆ, ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದ್ದಕ್ಕೆ ನಿಮ್ಮ ತಂದೆಗೆ ಶೌರ್ಯ ಪದಕ ಬಂದಿದೆ ಎಂದ. ಗಾಜಿನ ಪೆಟ್ಟಿಗೆಯಲ್ಲಿದ್ದ ಅಂಥದೇ ಒಂದನ್ನು ತೆಗೆದು ತೋರಿಸಿದ. ಅದರ ದಪ್ಪ ಅಂಚಿನ ಸುತ್ತ ನಂಬರು, ಹೆಸರು ಕೊರೆದಿತ್ತು. ಪಡೆದವನ ಹೆಸರಿಲ್ಲದೆ ಈ ಪದಕ ಕೊಡುವುದೇ ಇಲ್ಲ ಎಂದ. ದೊಡ್ಡಗೌಡ ಎಂಬ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆದರೆ ಆ ರಾಜನ ತಲೆಯನ್ನು ಗುಡ್ಡವ್ವ ಚಿಕ್ಕಂದಿನಿಂದ ಪ್ರತಿ ಆಗಸ್ಟಿನಲ್ಲೂ ನೋಡಿದ್ದಳು.

*

"ನಿನ್ನ ಪದಕ ಗೌಡರ ಮನ್ಯಾಗ ಹೆಂಗ ಹೋತು?" ಅಂದು ಸಂಜೆಯೇ ಊರಿಗೆ ಬಂದು ಕೇಳಿದಳು.

ಮೈಲಾರೆಪ್ಪ ಹೋರಿಗೆ ಮೈ ತಿಕ್ಕುತ್ತಿದ್ದ. ತಿಕ್ಕುವುದನ್ನು ಬಿಡದೆ ಹೇಳಿದ. "ಹೋರಿ ಕೊಳ್ಳಿಗೆ ಕಟ್ಟಿದ್ದೆ. ಹರಕೊಂಡ್ರು."

ಸ್ವಾತಂತ್ರ್ಯ ಬಂದ ವರ್ಷದ ದೀಪಾವಳಿ ಅದು. ಹಾವೇರಿ ಸೀಮೆಯಲ್ಲಿ ಹಬ್ಬವೆಂದರೆ ದೀಪಕ್ಕಿಂತ ಹೋರಿಯೇ ಮೇಲು. ಕೊಬ್ಬರಿ ಬಟ್ಟಲು ಪೋಣಿಸಿದ ಸರ ಕೊರಳಿಗೆ ಕಟ್ಟಿ, ಜನರ ಮಧ್ಯದ ಓಣಿಯಲ್ಲಿ ಹೋರಿ ಬಿಡುತ್ತಾರೆ. ಓಡುವ ಹೋರಿಯನ್ನು ತಬ್ಬಿ ಯಾರು ಕೊಬ್ಬರಿ ಹರಿಯುತ್ತಾರೋ ಅದು ಅವರ ಪಾಲು. ಕೊಬ್ಬರಿಯ ಜೊತೆ ಬೆಳ್ಳಿ ರೂಪಾಯಿ ಪೋಣಿಸಿ, "ತಾಕತ್ತಿದ್ದರ ಹರೀರಿ" ಎಂದು ಸವಾಲು ಹಾಕುವವರೂ ಇದ್ದರು. ಮೈಲಾರೆಪ್ಪನ ಹೋರಿ ಆ ಸೀಮೆಗೆಲ್ಲ ಹೆಸರಾಗಿತ್ತು. ಅದನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಅವನು ರೂಪಾಯಿಯ ಬದಲು ಪದಕ ಕಟ್ಟಿಸಿದ.

"ಅಂಥಾದ್ದನ್ನ ಯಾರರ ದನದ ಕೊಳ್ಳಿಗೆ ಕಟ್ತಾರೇನ?"

"ಸೊಕ್ಕಿತ್ತವ್ವಾ. ಯಾರೂ ಹರಿಯಂಗಿಲ್ಲ ಅಂತ ಸೊಕ್ಕು." ಅವನು ಹೋರಿಯ ಬೆನ್ನಿಗೆ ಇನ್ನೊಂದು ತಂಬಿಗೆ ನೀರು ಸುರಿದ. "ಮತ್ತ... ಮನ್ಯಾಗ ಇಟ್ಟು ನೋಡಾಕ ಆಗತಿದ್ದಿಲ್ಲ. ಆವತ್ತ ಆಚೆ ದಂಡಿ ಮ್ಯಾಲ ಮೂರು ಮಂದಿ ಬಿದ್ದಿದ್ರು. ಮೂರನೇದಾವ ಗಳಗನಾಥದ ಉಡಚಪ್ಪ. ಹೊಳಿ ದಂಡಿ ಹುಡುಗ, ನನಗಿಂತ ಚೆಂದ ಈಸತಿದ್ದ. 'ಮೈಲಾರಿ, ನಾ ಇನ್ನೂ ಇಲ್ಲೆ ಅದೀನೋ' ಅಂತ ಕನ್ನಡದಾಗ ಒದರಿದ. ನನ್ನ ಕಾಲು ಏಳಲಿಲ್ಲ. ತಂದ ಇಬ್ಬರ ಸಲುವಾಗಿ ನನಗ ಪದಕ ಕೊಟ್ರು. ತರದ ಒಬ್ಬನ್ನ ಯಾರೂ ಕೇಳಲಿಲ್ಲ."

ಗುಡ್ಡವ್ವ ಅತ್ತಳು. ಅತ್ತರೂ ಸಿಟ್ಟು ಇಳಿಯಲಿಲ್ಲ. "ಹಂಗಂತ ಗೌಡ ಅದನ್ನ ತನ್ನದು ಅಂತ ಮೆರೀಬೇಕೇನು? ನಡಿ, ಕೇಳೋಣು."

"ಹೋರಿ ಬಿಟ್ಟ ಮ್ಯಾಲ ಹರದದ್ದು ಹರದವರದು. ಗೌಡರ ಕಡೆದವರು ಹರದ್ರು, ಅವರ ಮನಿಗೆ ಹೋತು. ಹಬ್ಬದಾಗ ಕಳಕೊಂಡದ್ದನ್ನ ತಿರಗಿ ಕೇಳಿದ್ರ ನಾ ಗಂಡಸೇನು? ನಾ ಇರೂತನ ನೀನೂ ಕೇಳಬ್ಯಾಡ."

ಕಳ್ಳರ ಊರಲ್ಲಿ ಆಟದ ನೇಮ ಕಾಯಲು ಇವನೊಬ್ಬ ಸಿಪಾಯಿ! ಗುಡ್ಡವ್ವನಿಗೆ ಗೌಡನಿಗಿಂತ ಅಪ್ಪನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು ಆ ಸಂಜೆ.

*

ಮಾಲತೇಶಪ್ಪ ಬಂದ. ಬಿಳಿ ಧೋತರ, ಕರಿ ಕೋಟು, ಎದೆಯ ಮೇಲೆ ಪದಕ. ಶಾಲೆಯ ಆಟದಲ್ಲಿ ಗೆದ್ದ ಮಕ್ಕಳಿಗೆ ಕೊಡುವ ಪದಕಕ್ಕೆ ಇರುವಂಥ ಹಳದಿ ಸ್ಯಾಟಿನ್ ಪಟ್ಟಿ ಅದಕ್ಕೆ. ಹೊಲಿಗೆಯೂ ವಕ್ರ. ಬೆನ್ನ ಹಿಂದೆ ಬ್ಯಾಂಡಿನವರು ನಾಲ್ಕು ಜನ. ಮೈಲಾರೆಪ್ಪನ ಕೊರಳಿಗೆ ದೊಡ್ಡ ಹಾರ ಹಾಕಿ, ಕಾಲು ಜೋಡಿಸಿ ಸೆಲ್ಯೂಟ್ ಹೊಡೆದು, ಜನರ ಕಡೆ ತಿರುಗಿದ.

"ನಮ್ಮಪ್ಪಾರೂ ಈ ಮೈಲಾರೆಪ್ಪನೂ ಒಂದ ಲಡಾಯಿ ಕಂಡವರು. ನಮ್ಮಪ್ಪಾರಿಗೆ ದೇವರು ಪದಕ ಕೊಟ್ಟ, ಇವಗ ಕೊಡಲಿಲ್ಲ. ಆದ್ರೂ ಸಿಪಾಯಿ ಸಿಪಾಯೀನ..."

"ಚೇರಮನ್ನರ," ಗುಡ್ಡವ್ವ ಎದ್ದು ನಿಂತಳು. ಡಾಕಪ್ಪ ಅವಳ ಸೆರಗು ಜಗ್ಗಿದ, ಅವಳು ಜಾಡಿಸಿದಳು. "ಆ ಪದಕ ದೇವರು ಕೊಟ್ಟದ್ದಲ್ಲ, ನಮ್ಮಪ್ಪಗ ಪಲ್ಟನ್ನಿನವರು ಕೊಟ್ಟದ್ದು. ಬೆಳಗಾವಿಗೆ ಹೋಗಿ ಕೇಳ್ಕೊಂಡ ಬಂದೇನಿ. ಅದರ ಅಂಚಿನ ಮ್ಯಾಲ ಅವನ ಹೆಸರೈತಿ. ತಗದು ತೋರಸ್ರಿ."

ಮಾಲತೇಶಪ್ಪ ಸಿಟ್ಟಾಗಲಿಲ್ಲ. ಹುಚ್ಚರನ್ನು ಸಮಾಧಾನ ಮಾಡುವವರ ಹಾಗೆ ನಕ್ಕು, ಪಿನ್ನು ಬಿಚ್ಚಿ ಪದಕವನ್ನು ಅವಳ ಅಂಗೈಯಲ್ಲಿಟ್ಟ. "ದುಃಖದಾಗ ಇದ್ದೀ, ತಪ್ಪು ತಿಳಕೊಳ್ಳೂದಿಲ್ಲ. ಓದವಾ, ಎಲ್ಲೈತಿ ಹೆಸರು?"

ಗುಡ್ಡವ್ವ ಅಂಚು ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. ಒಂದಕ್ಷರವೂ ಇರಲಿಲ್ಲ. ಯಾರೋ ಹಿಂದಿನಿಂದ, "ಹೆಣ ಇಟ್ಕೊಂಡು ಏನಿದು," ಎಂದರು. ಗುಡ್ಡವ್ವ ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಸರಿಸಿದಳು. ಬೆಳ್ಳಿ ನುಣ್ಣಗಿರಲಿಲ್ಲ. ಸಣ್ಣಗೆ, ಅಡ್ಡಡ್ಡ, ಗೀರು ಗೀರು ಇತ್ತು.

"ಅರ ಹಾಕ್ಯಾರ," ಎಂದಳು ಮೆಲ್ಲಗೆ. ಆಮೇಲೆ ಅವಳ ದನಿ ಓಣಿಗೆ ಕೇಳುವಷ್ಟು ಏರಿತು. "ಅರ ಹಾಕಿ ತಿಕ್ಕ್ಯಾರ್ರೀ! ಮುಟ್ಟಿ ನೋಡ್ರಿ ಎಲ್ಲಾರೂ. ತಮ್ಮ ಹೆಸರು ಇದ್ದಿದ್ರ ಯಾರರ ತಿಕ್ಕಿ ಅಳಸ್ತಿದ್ರೇನು? ಯಾರ ಹೆಸರು ಇತ್ತು ಇಲ್ಲಿ, ಹೇಳ್ರಿ ಚೇರಮನ್ನರ!"

ಮಾಲತೇಶಪ್ಪನಿಗೆ ಅದು ಮೊದಲೇ ಗೊತ್ತಿತ್ತೋ, ಆ ಗಳಿಗೆಯಲ್ಲೇ ಗೊತ್ತಾಯಿತೋ, ದೇವರೇ ಬಲ್ಲ. ಮುಖದ ನಗೆಯಂತೂ ಇಳಿಯಿತು.

ಹೊಳಿಯವ್ವ ಗೋಡೆ ಹಿಡಿದು ಎದ್ದಳು. "ಅವತ್ತ ಕೊಬ್ಬರಿ ಸರಕ್ಕ ಇದನ್ನ ಪೋಣಸಿದಾಕಿ ನಾ. ಪರಕಾರ ಉಡೂ ಹುಡುಗಿ ಇದ್ದೆ. ಅಣ್ಣಾ ಬ್ಯಾಡೋ ಅಂತ ಅತ್ತಿದ್ದೆ. ರಾಜನ ಮೂತಿ ಮರತೇನೇನು ನಾನು?"

ಜನ ಗುಜುಗುಜು ಎಂದರು. ಮಾಲತೇಶಪ್ಪ ಕೈ ಎತ್ತಿದ. ಊರಾಳಿದವನು, ಅಷ್ಟು ಸುಲಭಕ್ಕೆ ಬಾಗುವವನಲ್ಲ. "ಆತು! ಹೋರಿ ಕೊಳ್ಳಾಗಿಂದ ಬಂತು ಅಂತನ ತಿಳೀರಿ. ಹಬ್ಬದ ನೇಮ ಏನೈತಿ? ಹರದದ್ದು ಹರದವರದು. ಮೈಲಾರೆಪ್ಪ ಸಾಯೂತನ ಕೇಳಲಿಲ್ಲ, ಯಾಕ? ಅವಗ ನೇಮ ಗೊತ್ತಿತ್ತು. ನಮ್ಮಪ್ಪಾರು ಹರದ್ರು, ನಮ್ಮದಾತು. ತಾ ಇತ್ತ."

ಯುದ್ಧದ ಸುಳ್ಳು ಬಿದ್ದುಹೋಗಿತ್ತು, ನಿಜ. ಆದರೆ ಆಟದ ನೇಮವನ್ನು ತೆಗೆದುಹಾಕಲು ಈ ಸೀಮೆಯಲ್ಲಿ ಯಾರಿಂದಲೂ ಆಗದು. ಹಿರಿಯರೇ ತಲೆಯಾಡಿಸುತ್ತಿದ್ದರು. ಅಪ್ಪ ಇದೇ ಮಾತು ಹೇಳಿ ಅವಳ ಬಾಯಿ ಕಟ್ಟಿದ್ದ. ಅವಳ ಕೈ ತಾನಾಗಿ ಮುಂದೆ ಚಾಚಿತು.

"ತಡೀ ಮಗಳ."

ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ ಕೂತಿದ್ದ ಕಾಸೀಮಸಾಬ ಕೋಲೂರಿ ಎದ್ದ. ವಯಸ್ಸಿದ್ದಾಗ ಗೌಡರ ಮನೆಯಲ್ಲಿ ಆಳಾಗಿ ದುಡಿದವನು. ಬೆನ್ನು ಬಿಲ್ಲಾಗಿತ್ತು, ಹಲ್ಲಿರಲಿಲ್ಲ. ಮಾತು ಮಾತ್ರ ಬಿಡಿಬಿಡಿಯಾಗಿ ಕೇಳಿಸಿತು.

"ಗೌಡ್ರ ಅವತ್ತ ಕಟ್ಟಿ ಮ್ಯಾಲ ಖುರ್ಚಿ ಹಾಕ್ಕೊಂಡ ಕುಂತಿದ್ರು. ಖುರ್ಚಿ ಮ್ಯಾಲ ಕುಂತವರು ಎಂದರ ಹೋರಿ ಹಿಡದಾರೇನ್ರಿ?" ಅವನು ಅಂಗಿಯ ತೋಳು ಮೇಲೆ ಸರಿಸಿದ. ಮೊಣಕೈಯಿಂದ ಹೆಗಲಿನವರೆಗೆ ಹಳೆಯ ಕೋಡಿನ ಗುರುತು, ಚರ್ಮ ಮಡಿಚಿ ಹೊಲಿದಂತಿತ್ತು. "ಹರದಾವ ನಾನು. ಓಣಿ ತುದಿಗೆ ತಬ್ಬಿದೆ, ಹುಣಸಿ ಗಿಡದತನ ಎಳಕೊಂಡ ಹೋತು, ನಾ ಬಿಡಲಿಲ್ಲ. ಸರ ತಂದು ಧಣ್ಯಾರಿಗೆ ತೋರಸಿದೆ. 'ಕೊಬ್ಬರಿ ನೀ ತಿನ್ನು, ಇದು ನಿನಗ್ಯಾಕ' ಅಂತ ಪದಕ ಬಿಚ್ಚಿಕೊಂಡ್ರು. ನಾ ತೋರಸಾಕ ಕೊಟ್ಟದ್ದು, ಇಟ್ಕೊಳ್ಳಾಕ ಅಲ್ಲ."

"ಇಷ್ಟು ವರ್ಷ ಎಲ್ಲಿ ಹೋಗಿತ್ತೋ ನಿನ್ನ ಬಾಯಿ?" ಮಾಲತೇಶಪ್ಪ ಗುಡುಗಿದ.

"ನಿಮ್ಮ ಮನಿ ರೊಟ್ಟಿ ಇತ್ತರಿ ಬಾಯಾಗ," ಎಂದ ಕಾಸೀಮಸಾಬ. "ಈಗ ರೊಟ್ಟೀನೂ ಇಲ್ಲ, ಹಲ್ಲೂ ಇಲ್ಲ. ನೇಮದ ಮಾತು ನೀವ ತಗದ್ರಿ. ಹರದದ್ದು ಹರದವರದು ಅಂದ್ರ, ಅದು ನಂದು."

ಮನೆ ಮುಂದಿನ ಕಟ್ಟೆಯ ಮೇಲಿದ್ದ ಹೋರಿ ಹಿಡಿಯುವ ಜನ, ಎಂಥೆಂಥ ಹೋರಿಗಳನ್ನೋ ತಬ್ಬಿ ಮೈಯೆಲ್ಲ ಗಾಯವಾದ ಜನ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಖರೇ ಐತಿ," ಎಂದ ಒಬ್ಬ. "ಕಾಸೀಮಣ್ಣಂದ ಅದು," ಎಂದ ಇನ್ನೊಬ್ಬ. ಗೊಬ್ಬರದ ಪಾಳಿಗೆ ಹೆದರಿ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವರು! ಹೋರಿಯ ವಿಷಯದಲ್ಲಿ ಮೋಸವಾಗಿದೆ ಎಂದ ಕೂಡಲೇ ಅವರಿಗೆ ಧೈರ್ಯ ಬಂತು. ಬರುವುದಾಗಿದ್ದರೆ ಮೈಲಾರೆಪ್ಪ ಉಸಿರಾಡುತ್ತಿದ್ದಾಗ ಬರಬಾರದಿತ್ತೇ?

ಗುಡ್ಡವ್ವ ಪದಕವನ್ನು ಕಾಸೀಮಸಾಬನ ಕೈಗೆ ಕೊಟ್ಟಳು. ಅವನು ಅದನ್ನು ಒಮ್ಮೆ ಹಣೆಗೆ ಮುಟ್ಟಿಸಿದ.

"ನಾ ಹೋರಿ ಗೆದ್ದೆ. ಇದನ್ನ ಗೆದ್ದಾವ ಅಲ್ಲಿ ಕುಂತಾನ," ಎಂದು ಹೇಳಿ ಮತ್ತೆ ಅವಳಿಗೇ ಕೊಟ್ಟ.

ಗುಡ್ಡವ್ವ ಹಲ್ಲಿನಿಂದ ದಾರ ಕಡಿದು ಹಳದಿ ಪಟ್ಟಿಯನ್ನು ಬಿಚ್ಚಿದಳು. ನೀಟಾಗಿ ಮಡಿಸಿ ಮಾಲತೇಶಪ್ಪನ ಮುಂದೆ ಹಿಡಿದಳು. "ಇದು ನಿಮ್ಮ ಮನಿದು. ತಗೊಳ್ರಿ."

ಆಮೇಲೆ ಸೂಜಿ ತರಿಸಿ, ಅಪ್ಪನ ಅಂಗಿಯ ಎಡಗಡೆ, ಎಂದೂ ಬಿಚ್ಚದ ಹಾಗೆ ಎಳೆ ಎಳೆಯಾಗಿ ಪದಕವನ್ನು ಹೊಲಿದಳು. ಹೊಲಿಯುವಷ್ಟು ಹೊತ್ತೂ ಯಾರೂ "ಲಗೂ ಮಾಡು" ಎನ್ನಲಿಲ್ಲ.

"ಬೆಳ್ಳಿ ಅಕ್ಕಾ," ಡಾಕಪ್ಪ ಕಿವಿಯಲ್ಲಿ ಹೇಳಿದ. "ಮಣ್ಣಾಗ್ಯಾಕ? ಮನ್ಯಾಗ ಇಟ್ಕೊಳ್ಳೋಣು."

"ಮನ್ಯಾಗ ಇಟ್ರ ಮತ್ತ ಯಾರರ ಕೋಟಿಗೆ ಕಟ್ಕೋತಾರ. ನೀನ ಕಟ್ಕೊಂಡ್ರೂ ಕಟ್ಕೊಂಡಿ."

*

ಹೊಲದ ಬದುವಿನ ಬೇವಿನ ಮರದ ಹತ್ತಿರ ಕುಣಿ ತೋಡಿದ್ದರು. ಮಾಲತೇಶಪ್ಪನೂ ಬಂದಿದ್ದ. ನಡುವೆಯೇ ಎದ್ದು ಹೋಗಿದ್ದರೆ ಒಪ್ಪಿಕೊಂಡಂತಾಗುತ್ತಿತ್ತು, ಅದಕ್ಕೇ ಹೋಗಲಿಲ್ಲ. ಮೈಲಾರೆಪ್ಪನನ್ನು ಕುಣಿಯಲ್ಲಿ ಕೂರಿಸಿದರು. ರುಮಾಲು ಒಂದು ಎಳೆಯೂ ಅಲುಗಲಿಲ್ಲ. ಡಾಕಪ್ಪ ಮೊದಲ ಹಿಡಿ ಮಣ್ಣು ಹಾಕಿದ, ಆಮೇಲೆ ಗುಡ್ಡವ್ವ, ಹೊಳಿಯವ್ವ, ಕಾಸೀಮಸಾಬ. ಆಮೇಲೆ ಊರವರು. ಹಾಕಿದವರು ಹಿಂದೆ ಸರಿದು ಮುಂದಿನವರಿಗೆ ಜಾಗ ಬಿಡುವುದು ವಾಡಿಕೆ.

ಮಾಲತೇಶಪ್ಪ ಬಗ್ಗಿ ಹಿಡಿ ತುಂಬ ಮಣ್ಣು ಎತ್ತಿಕೊಂಡು ಮುಂದೆ ಬಂದ. ಯಾರೂ ತಿರುಗಿ ನೋಡಲಿಲ್ಲ. ಹಾಕಿದವರು ಮಾತ್ರ ಈ ಸಲ ಹಿಂದೆ ಸರಿಯದೆ ಕುಣಿಯ ಸುತ್ತ ಹೆಗಲಿಗೆ ಹೆಗಲು ಹಚ್ಚಿ ನಿಂತೇ ಇದ್ದರು. ಅವನು ಎಡಗಡೆಯಿಂದ ಬಂದ, ಬಲಗಡೆಯಿಂದ ಬಂದ. ಎಲ್ಲಿ ಬಂದರೂ ಬೆನ್ನುಗಳೇ. ಸಲಿಕೆಗಳು ಮಣ್ಣು ಎಳೆಯುವ ಸದ್ದು ಕೇಳುತ್ತಿತ್ತು. ಅವನು ಎತ್ತಿದ ಕೈಯನ್ನು ಇಳಿಸಲೂ ಆಗದೆ, ಹಿಡಿ ಬಿಚ್ಚಲೂ ಆಗದೆ, ಬೆನ್ನುಗಳ ಹಿಂದೆ ಒಬ್ಬನೇ ನಿಂತಿದ್ದ. ಬೆರಳ ಸಂದಿಯಿಂದ ಕೆಂಪು ಮಣ್ಣು ಸಣ್ಣಗೆ ಸೋರಿ ಅವನ ಬಿಳಿ ಧೋತರದ ಮೇಲೆ ಬೀಳುತ್ತಿತ್ತು.